ಒಂದು ವರ್ಷದ ಚಿಗುರು

ಹಳೆಯದು ಬೇಡ ಅವರಿಗೆ.
ಈ ವರ್ಷ ಹುಟ್ಟಿದ ತುದಿ, ಗೇಣುದ್ದ, ಅಷ್ಟೇ.
ಕಂದು ತಿರುಗಿದ ಕಡ್ಡಿ, ಐವಿ ಬಳ್ಳಿ, ಹಕ್ಕಿಗೂಡಿನ ಹುಲ್ಲು
ಒಂದೆಳೆ ಕಂಡರೂ ಮೂಟೆ ವಾಪಸು.
ಮಳೆ ನಿಂತ ಮೇಲೆ ಕತ್ತರಿಸು, ಸಂಜೆಯೊಳಗೆ ತಲುಪಿಸು;
ರಾಶಿ ಹಾಕಿದರೆ ಒಳಗೊಳಗೇ ಬೆವರಿ ಬಿಸಿಯೇರುತ್ತದೆ,
ಬಿಸಿಯೇರಿದರೆ ಕೆಟ್ಟಿತು.
ಜುಲೈ, ಆಗಸ್ಟ್. ಪೊವಿಸ್‌ನ ಗುಡ್ಡಗಳ ನಡುವೆ
ನಾನು, ನನ್ನ ವ್ಯಾನು, ಕೆಳಗೆ ಹಾಸುವ ಟಾರ್ಪಾಲು.

ಯೂ ಮರ. ನಮ್ಮ ಕಡೆ ಗೋರಿಗಳ ನಡುವೆ ನಿಲ್ಲುವಂಥದ್ದು,
ಪಕ್ಕದ ಚರ್ಚಿಗಿಂತ ಹಳೆಯದು,
ಹೊಟ್ಟೆ ಪೊಳ್ಳಾಗಿ, ಒಳಗೆ ಒಬ್ಬ ನಿಲ್ಲುವಷ್ಟು.
ನನ್ನಪ್ಪ ಕುದುರೆ ಸಾಕಿದವನು, ಹೇಳುತ್ತಲೇ ಇದ್ದ:
ಅದರ ಹತ್ತಿರ ತಂತಿ ಬಿಗಿಮಾಡು, ಹೌಯೆಲ್.
ಪಾದ್ರಿಯ ಬೂದು ಕುದುರೆ
ಒಂದೇ ಬಾಯಿ ತಿಂದದ್ದು. ನಾನು ನೋಡಿದೆ.
ಒದ್ದಾಡಲಿಲ್ಲ, ಕೆನೆಯಲಿಲ್ಲ.
ನಿಂತಿದ್ದದ್ದು ಬಿತ್ತು,
ಹಲ್ಲಿನ ಸಂದಿಯಲ್ಲಿ ಇನ್ನೂ ಹಸಿರು.

ಅದೇ ಎಲೆಯನ್ನು ಈಗ ಕಿಲೋಗೆ ಇಷ್ಟೆಂದು ತೂಗಿ ಕೊಳ್ಳುತ್ತಾರೆ.
ಎಲೆ ಅಂದರೆ ಎಲೆಯೂ ಅಲ್ಲ, ಚಪ್ಪಟೆ ಸೂಜಿ,
ಕತ್ತರಿಯ ಬಾಯಿಗೆ ಅಂಟುವ ಕಹಿ.
ಡಿಪೋದಲ್ಲಿ ರಶೀದಿ ಬರೆಯುವ ತೆಗ್ವೆನ್ ಒಮ್ಮೆ
ಟೀ ಲೋಟ ಪಕ್ಕಕ್ಕಿಟ್ಟು ವಿವರಿಸಿದಳು:
ಎಲೆಯಲ್ಲಿರುವುದು ಮದ್ದಲ್ಲ, ಮದ್ದಿನ ಅರ್ಧ ದಾರಿ.
ಮರ ಅರ್ಧ ಕಟ್ಟಿ ಬಿಟ್ಟದ್ದನ್ನು
ಸಮುದ್ರ ದಾಟಿಸಿ, ಕಾರ್ಖಾನೆಯಲ್ಲಿ ಒಂದು ಬಾಲ ಜೋಡಿಸುತ್ತಾರೆ.
ಆಮೇಲೆ ಅದು, ಎರಡಾಗಲು ಹೊರಟ ಜೀವಕೋಶವನ್ನು
ನಟ್ಟನಡುವೆ ಹಿಡಿದು ನಿಲ್ಲಿಸುತ್ತದೆ.
ಎರಡಾಗದ್ದು ಸಾಯುತ್ತದೆ.
ಚಿಟಿಕೆ ಪುಡಿಗೆ ಎಷ್ಟು ಎಲೆ ಬೇಕು ಎಂದು ಕೇಳಿದೆ.
ನಕ್ಕಳು. "ನಿಮ್ಮ ವ್ಯಾನಿನ ಲೆಕ್ಕದಲ್ಲಿ ಬೇಡ."

ಕೇಳಿದ್ದು ಮಾರ್ಗೆಡ್‌ಗಾಗಿ.
ಮೂರು ವಾರಕ್ಕೊಮ್ಮೆ ಹೆರಿಫರ್ಡ್ ಆಸ್ಪತ್ರೆ,
ಕಿಟಕಿ ಪಕ್ಕದ ಕುರ್ಚಿ, ಮುಂಗೈಗೆ ಸೂಜಿ,
ನೀರಿನಂಥದ್ದು ತೊಟ್ಟು ತೊಟ್ಟಾಗಿ ಇಳಿಯುತ್ತದೆ.
ಹಸಿರಿಲ್ಲ, ವಾಸನೆಯಿಲ್ಲ.
ಚೀಲದ ಮೇಲಿನ ಹೆಸರು ಓದಿದೆ, ನಾಲಗೆಗೆ ಹೊರಳಲಿಲ್ಲ.
ಕರ್ನಲ್ಲನ ತೋಟದಲ್ಲಿ ನಾನೇ ಕೊರೆದು ನಿಲ್ಲಿಸಿದ
ಹಸಿರು ನವಿಲಿನದ್ದಿದೆಯೋ ಇದರಲ್ಲಿ,
ಯಾವ ಗೋರಿಯ ನೆರಳಿನದ್ದಿದೆಯೋ,
ಯಾರು ಹೇಳಬೇಕು.

ಅವಳ ತಲೆ ನಾನು ಸವರಿದ ಬೇಲಿಗಿಂತ ನುಣ್ಣಗಾಯಿತು.
ಹಾಗಂದದ್ದು ಅವಳೇ. ನಾನು ನಗಲು ಹೋಗಿ ಕೆಮ್ಮಿದೆ.

ಬದುಕಿದ್ದಾಳೆ. ಗಂಟು ಕರಗಿತು, ಡಾಕ್ಟರು ಚಿತ್ರ ತೋರಿಸಿದರು.
ಕೂದಲು ಬಂತು, ಮೊದಲಿಲ್ಲದ ಗುಂಗುರು ಹೊತ್ತು.
ಬೆರಳ ತುದಿಗಳು ಮಾತ್ರ ಹಿಂದಿರುಗಲಿಲ್ಲ.
ಕೌದಿ ಹೊಲಿಯುವವಳು;
ಮೂವತ್ತು ವರ್ಷ ಕತ್ತಲಲ್ಲೂ ಸೂಜಿಯ ಕಣ್ಣು ಹುಡುಕಿದ ಬೆರಳು
ಈಗ ಸೂಜಿ ಹಿಡಿದಿದೆಯೋ ಬಿಟ್ಟಿದೆಯೋ
ನೋಡಿಯೇ ತಿಳಿಯಬೇಕು.
ಮದ್ದು ಕೊಟ್ಟದ್ದನ್ನು ಕೊಟ್ಟಿತು,
ತನ್ನ ಕೂಲಿ ಮುರಿದುಕೊಂಡಿತು.
ವಿಷಕ್ಕೆ ವಿಷ ಎನ್ನುತ್ತಾರಲ್ಲ, ಅಷ್ಟು ಸಲೀಸಾಗಿ,
ನಡುವೆ ಒಂದು ಮೈ ಇದೆ ಎಂಬುದನ್ನು ಮರೆತು.

ನಿನ್ನೆ ರಾತ್ರಿ ಬಿಳಿ ಬಟ್ಟೆಯ ಮೇಲೆ ಕೆಂಪು ಚುಕ್ಕೆ.
ಎಲ್ಲಿಂದ ಬಂತೆಂದು ಇಬ್ಬರೂ ಹುಡುಕಿದೆವು.
ಅವಳದೇ ಹೆಬ್ಬೆರಳು. ಚುಚ್ಚಿದ್ದು ಗೊತ್ತೇ ಆಗಿರಲಿಲ್ಲ.
ಯೂ ಹಣ್ಣಿನ ಹಾಗೇ ಇತ್ತು. ಇಡೀ ಮರದಲ್ಲಿ
ವಿಷವಿಲ್ಲದ್ದು ಆ ಕೆಂಪು ತಿರುಳೊಂದೇ,
ಹಕ್ಕಿ ಬಂದು ನುಂಗಿ, ಒಡೆಯದೆ ಬೀಜ ಉದುರಿಸಿ ಹೋಗುತ್ತದೆ.
ಹೇಳಬೇಕೆಂದುಕೊಂಡೆ, ಹೇಳಲಿಲ್ಲ.
ಬಟ್ಟೆಯನ್ನು ತಣ್ಣೀರಿಗೆ ಹಾಕಿದೆ.
"ದಾರ ಪೋಣಿಸಿಕೊಡು," ಅಂದಳು.
ಕತ್ತರಿ ಹಿಡಿದು ಜಡ್ಡುಗಟ್ಟಿದ ಬೆರಳು ನನ್ನದು,
ನಾಲ್ಕು ಸಲ ತಪ್ಪಿತು.

ನಾಳೆ ಮಳೆಯಿಲ್ಲವಂತೆ.
ಕರ್ನಲ್ಲನ ನವಿಲಿಗೆ ಬಾಲ ಉದ್ದವಾಗಿದೆ.