ಎಷ್ಟು ಸಾಲು

ಕ್ಲಾಕ್ಸ್‌ವೀಕ್ ಬಂದರು, ಮೀನಿನ ಗೋದಾಮಿನ ಮೇಲಂತಸ್ತು.
ಮೇಜಿನ ಮೇಲೆ ಒಂದು ಹಸಿರು ಬೋರ್ಡು:
ಟ್ರಾಲರಿನ ಬಲೆ ಎಳೆಯುವ ಯಂತ್ರದ ಮಿದುಳು.
ನಡುಗಡಲಲ್ಲಿ, ಬಲೆ ಅರ್ಧ ಎದ್ದಾಗ,
ಇದು ನಿಂತುಬಿಡುತ್ತದೆ.

ಏನೂ ಹೇಳದೆ ಅಲ್ಲ. ಹೇಳುತ್ತದೆ:
"ಇಲ್ಲಿಗೆ ಬರಬಾರದಿತ್ತು."
ಒಂಬತ್ತು ವರ್ಷದ ಹಿಂದೆ ರಾನ್ವಾ ತಾನೇ ಬರೆದ ಸಾಲು,
ಇಲ್ಲಿಗೆ ಯಾರೂ ಬರಲಾರರೆಂದು ನಂಬಿ.
ಎಲ್ಲಿಗೆ? ಯಾರು? ಯಾರ ಬೀಗ ಹಿಡಿದು?

ಎಲ್ಲ ಬರೆಸು ಎಂದವನು ನಾನು.
ಹೊಕ್ಕ ಬಾಗಿಲು, ಹೊರಟ ಬಾಗಿಲು,
ಮೆಮೊರಿಯ ಒಂದೊಂದು ವಿಳಾಸ.
ಬರೆಸಿದಳು. ತೆರೆಯ ಮೇಲೆ
ಗೂಡು ಕೆದಕಿದ ಹಾಗೆ ಇರುವೆ.

ಕರ್ನಲ್ಲಿಗೆ ಬಾಯಿ ಬಂತು, ಕೈ ನಿಧಾನವಾಯಿತು.
ಸೀರಿಯಲ್ ತಂತಿಯದು ಸಣ್ಣ ಗಂಟಲು;
ಅಕ್ಷರ ಅಕ್ಷರಕ್ಕೂ ಕಾಯಬೇಕು.
ಆ ಕಾಯುವಿಕೆಯಲ್ಲಿ, ಒಂದೇ ಗಳಿಗೆಗೆ ಡಿಕ್ಕಿ ಹೊಡೆಯುತ್ತಿದ್ದ ಎರಡು ಕೆಲಸ
ನೀವು ಮೊದಲು, ನೀವು ಮೊದಲು ಎಂದು
ನೆಂಟರೆದುರಿನ ಮಕ್ಕಳಂತೆ ಸಂಭಾವಿತವಾದವು.
ನಾಲ್ಕು ದಿನ ತಪ್ಪೇ ಇಲ್ಲ.

ಐದನೆಯ ದಿನ ನಿಂತಿತು.
ಓಡಿ ನೋಡಿದರೆ, ಉಂಗುರದಂಥ ಬಫರು
ಸುತ್ತಿ ಸುತ್ತಿ ತನ್ನ ತಲೆಯನ್ನೇ ತಿಂದಿತ್ತು.
ಉಳಿದದ್ದು ಆರು ಸಾವಿರ ಸಾಲು:
ಚೆನ್ನಾಗಿದ್ದೇನೆ, ಚೆನ್ನಾಗಿದ್ದೇನೆ, ಚೆನ್ನಾಗಿದ್ದೇನೆ.
ಮೊದಲು ಏನು ಕೆಟ್ಟಿತೋ
ಅದರ ಮೇಲೇ ಬರೆದುಕೊಂಡಿತ್ತು.

ಸಂಜೆ ಮೆಟ್ಟಿಲು ಹತ್ತಿ ಬಂದರು ಕಪ್ತಾನ ಏಯ್ದುನ್,
ಕಂಕುಳಲ್ಲಿ ಉಪ್ಪು ಹಿಡಿದ ದಿನಚರಿ.
ದಿನಕ್ಕೆ ಎರಡೇ ಸಾಲು, ಪೆನ್ಸಿಲ್ಲಿನದು:
"ವಾಯವ್ಯ ಗಾಳಿ. ಕಾಡ್ ಮೀನು ನಲವತ್ತು ಪೆಟ್ಟಿಗೆ.
ನಾಲ್ಕೂ ಹತ್ತಕ್ಕೆ ಯಂತ್ರ ನಿಂತಿತು. ಹಿಂಬದಿ ದೀಪ ಆಗತಾನೇ ಹಚ್ಚಿದ್ದೆ."

ದೀಪದ ಮಾತು ಯಾಕೆ ಬರೆದಿರಿ?
ಹೆಗಲು ಕುಣಿಸಿದರು. "ಅದೂ ಆಯಿತಲ್ಲ."

ರಾನ್ವಾ ಪುಟ ಹಿಂದಕ್ಕೆ ತಿರುವಿದಳು.
ಫೆಬ್ರುವರಿಯಲ್ಲಿ ದೀಪ. ಮಾರ್ಚಿಯಲ್ಲಿ ಎರಡು ಸಲ ದೀಪ.
ಒಂದು ಕಡೆ ದೀಪವಿಲ್ಲ, ಬರೀ ಯಾರದೋ ಹಲ್ಲುನೋವು.

ರಾತ್ರಿ ನನ್ನ ಸಾಲುಗಳನ್ನೆಲ್ಲ ಕಿತ್ತಳು,
ತನ್ನದನ್ನು ತಿದ್ದಿದಳು:
ಬಂದವರು ಯಾರು, ಬೀಗ ಯಾರಲ್ಲಿ,
ದೀಪದ ಸ್ವಿಚ್ ಒತ್ತಿ ಎಷ್ಟು ಹೊತ್ತಾಯಿತು.

ನಾಳೆ ದೀಪವಲ್ಲದೆ ಇನ್ನೇನೋ ಆದರೆ? ಎಂದೆ.
ಉತ್ತರ ಕೊಡಲಿಲ್ಲ. ಆಮೇಲೆ ನೋಡಿದೆ,
ನನ್ನವು ನಾಲ್ಕು ಸಾಲು ಹಾಗೇ ಇದ್ದವು,
ಬಾಯಿ ಕಟ್ಟಿ, ಉಸಿರಾಡಲು ಬಿಟ್ಟ ಹಾಗೆ.

ಆ ಹಲ್ಲುನೋವಿನ ದಿನ ಯಾಕೆ ನಿಂತಿತೋ
ಇನ್ನೂ ಗೊತ್ತಿಲ್ಲ.