ಲಗೇಜ್ ಟಿಕೆಟ್

ಡ್ರಮ್ಮಿಗೂ ಟಿಕೆಟ್ ಹರಿದಿದ್ದೆ ನಾನು.
ಒಂದು ಸೀಟಿನಷ್ಟು ಮೈ ಅದಕ್ಕೆ, ರೂಲ್ಸೆಂದರೆ ರೂಲ್ಸು.
ಹದಿನಾಲ್ಕು ರೂಪಾಯಿ. ಚಿಲ್ಲರೆಯಿಲ್ಲ ಅಕ್ಕಾ ಎಂದ ಹುಡುಗ
ಮೇಖ್ರಿ ಸರ್ಕಲ್ಲಿನಲ್ಲಿ ಇಳಿಯುವಾಗ
ಕೈಗೆ ತುರುಕಿದ್ದು ಹಳದಿ ಪಟ್ಟಿಯೊಂದು:
ಅರಮನೆ ಮೈದಾನ, ಮೂರು ಸಂಜೆ, ಹನ್ನೊಂದು ಬ್ಯಾಂಡು.
ಹೆಸರು ಎಬಿನೇಸರ್, ಭಾನುವಾರ ಕೊನೆಗೆ ನಾವು,
ಕೇಳಿದ ಮೇಲೆ ನೀವೇ ಹೇಳಿ
ದುಡ್ಡು ಕೊಡಬೇಕೋ ಬೇಡವೋ.

ಲಗೇಜಿನ ಹಣ ನನ್ನ ಪರ್ಸಿನಿಂದಲೇ ಹೋಯಿತು.
ಮೂರು ದಿನ ರಜೆ ಬರೆದೆ. ಕಾರಣದ ಜಾಗದಲ್ಲಿ ‘ಕಿವಿನೋವು’.
ಯಾವ ಕಿವಿ ಎಂದು ಡಿಪೋ ಮ್ಯಾನೇಜರು ಕೇಳಲಿಲ್ಲ.

ಸಂಗೀತ ನನಗೆ ತಿಳಿಯದು.
ಇಂಜಿನ್ನಿನ ಕೆಮ್ಮು ಕೇಳಿ ಎಷ್ಟನೇ ಗೇರೆಂದು ಹೇಳಬಲ್ಲೆ,
ಸೀಟಿನಡಿ ಬಿದ್ದ ನಾಣ್ಯ ಎರಡರದೋ ಐದರದೋ
ಬಗ್ಗದೆಯೇ ಹೇಳಬಲ್ಲೆ.
ಇಪ್ಪತ್ತೆರಡು ವರ್ಷ ಯಲಹಂಕದ ರೂಟಿನಲ್ಲಿ
ಇಷ್ಟು ಬಂದಿದೆ, ಸಾಕಲ್ಲ.

ಏಪ್ರಿಲ್ ಬಿಸಿಲಿಗೆ ಹುಲ್ಲು ಬೀಡಿಯ ಬಣ್ಣ.
ವೇಬಿಲ್ಲಿನ ಬೆನ್ನಿಗೆ ಗೆರೆ ಎಳೆದು ಕೂತೆ.
ಮೊದಲು ಬಂದವರು ಕಪ್ಪು ಬನಿಯನ್ನಿನ ನಾಲ್ವರು,
ಒಳಗೆ ಬೇಕಾದಷ್ಟು ಜಾಗವಿದ್ದೂ
ಬಾಗಿಲಲ್ಲೇ ನೇತಾಡಿ ಕಿರುಚಿದರು. ಆರು ರೂಪಾಯಿ,
ಮುಂದಿನ ಸ್ಟೇಜಿನಲ್ಲಿ ಇಳಿಯಿರಪ್ಪ.
ಆಮೇಲೆ ಇಂಗ್ಲಿಷಿನಲ್ಲಿ ಒಂದು ವಿರಹ, ಬಲು ನಯ,
ಏಸಿ ಬಸ್ಸು. ಕಿಟಕಿ ತೆರೆಯುವುದಿಲ್ಲ.
ಇನ್ನೊಬ್ಬನ ಗಿಟಾರು ಹೆಬ್ಬಾಳದ ಮೇಲ್ಸೇತುವೆ ಹತ್ತಿತು,
ಹತ್ತಿದ್ದು ಇಳಿಯಲೇ ಇಲ್ಲ.
ನಾನು ಚುರುಮುರಿ ತಂದು ತಿಂದು ಮುಗಿಸಿದರೂ ಅಲ್ಲೇ ಇದ್ದ.

ಎರಡನೆಯ ಸಂಜೆ ಪಕ್ಕದಲ್ಲೊಬ್ಬ ಗಡ್ಡದವನು.
ಯಾರು ಬಾರಿಸಿದರೂ ಯಾವುದೋ ದೇಶದ ಹೆಸರು ಹೇಳಿ
ಅವರ ನಕಲು, ಇವರ ನಕಲು ಎನ್ನುತ್ತಿದ್ದ.
ಸಾರ್, ಎಲ್ಲ ಬಸ್ಸೂ
ಯಾರೋ ಹಾಕಿದ ರೋಡಿನಲ್ಲೇ ಹೋಗೋದು ಎಂದೆ.
ಸ್ವಲ್ಪ ಹೊತ್ತು ಸುಮ್ಮನಿದ್ದು
ಸುಟ್ಟ ಜೋಳದಲ್ಲಿ ಅರ್ಧ ಮುರಿದು ಕೊಟ್ಟ.

ಆಗಲೇ ಬಂದದ್ದು ಆ ಐವರು ಹುಡುಗಿಯರು.
ಒಬ್ಬಳ ಸೊಂಟದಲ್ಲಿ ತಮಟೆ,
ಇನ್ನೊಬ್ಬಳದು ಒಡೆದ ದನಿ,
ಬೆಳಗಿನ ಮೊದಲ ಗಾಡಿಗೆ ಓಡಿಬಂದು ಹತ್ತಿದವಳ ಏದುಸಿರು.
ನಾನು ಸೊನ್ನೆ ಬರೆದೆ.
ಗಡ್ಡದವನು ಇಣುಕಿದ: ಇಷ್ಟು ಚೆನ್ನಾಗಿ ಹಾಡಿದರೂ ಸೊನ್ನೆಯಾ?
ಅದು ಗುಲಾಬಿ ಟಿಕೆಟ್ಟಿನ ಸೊನ್ನೆ ಸಾರ್,
ಎಲ್ಲಿಗೆ ಬೇಕಾದರೂ ಹೋಗಬಹುದು ಅಂತ ಅರ್ಥ.

ಭಾನುವಾರ ಕೊನೆಗೆ ಎಬಿನೇಸರ್.
ಏನು ಹೇಳಲಿ.
ಹಾಡುವವನು ಒಂದು ಊರಿನಲ್ಲಿ, ಗಿಟಾರು ಇನ್ನೊಂದರಲ್ಲಿ,
ನಮ್ಮ ಹುಡುಗ ಬ್ರೇಕು ಹಿಡಿಯದ ಗಾಡಿಯಂತೆ ಇಳಿಜಾರಿನಲ್ಲಿ.
ಜನ ಏಳತೊಡಗಿದರು, ನೀರಿನ ಬಾಟಲಿ, ಚಪ್ಪಲಿ ಹುಡುಕುತ್ತ.
ಪೆನ್ನಿನ ಮುಚ್ಚಳ ತೆಗೆದಿದ್ದೆ ನಾನು.

ಆಗ ಅವನು ನಿಲ್ಲಿಸಿದ.

ತಪ್ಪಿ ಅಲ್ಲ, ಬೇಕೆಂತಲೇ. ಕೋಲೆರಡೂ ಮೇಲೆ.
ಒಂದು ಸೀಟಿಗೂ ಎರಡು ಸೀಟಿಗೂ ನಡುವೆ
ಮುದುಕಿಯೊಬ್ಬಳು ಒಂದು ಕಾಲು ಮೆಟ್ಟಿಲ ಮೇಲೆ
ಒಂದು ಕಾಲು ನೆಲದ ಮೇಲೆ ಇಟ್ಟಿರುತ್ತಾಳಲ್ಲ,
ಡ್ರೈವರು ಮುನಿಶಾಮಪ್ಪ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತ,
ಇಡೀ ಗಾಡಿ ಉಸಿರು ಬಿಗಿಹಿಡಿದು,
ನಾನು ಸೀಟಿಯನ್ನು ತುಟಿಯಲ್ಲಿಟ್ಟು ಊದದೆ,
ಅಷ್ಟು ಹೊತ್ತು.
ಮೈದಾನದ ಅಷ್ಟೂ ಜನ ಫುಟ್‌ಬೋರ್ಡಿನ ಮೇಲೆ.

ಯಾರು ಹೇಳಿಕೊಟ್ಟರೋ ಇವನಿಗೆ,
ಹತ್ತುವವರಿಗಾಗಿ ಕಾಯುವುದನ್ನು.

ರೈಟ್, ಎಂದೆ ನಾನು, ಜೋರಾಗಿಯೇ.
ಕೋಲು ಇಳಿಯಿತು.
ಮತ್ತೆ ಅದೇ ಗದ್ದಲ, ಅದೇ ಇಳಿಜಾರು.

ರಾತ್ರಿ ಲೆಕ್ಕಕ್ಕೆ ಕೂತೆ.
ನಿಯತ್ತಾಗಿ ಹೇಳಿದರೆ ಅದು ಆರು ರೂಪಾಯಿಯ ಬ್ಯಾಂಡು.
ಕಡಿಮೆ ಬಿದ್ದ ಎಂಟನ್ನು
ದಿನವೂ ಡಿಪೋದಲ್ಲಿ ಹಾಕುವ ಹಾಗೆ
ಕೈಯಿಂದ ಹಾಕಿ ಹದಿನಾಲ್ಕು ಮಾಡಿದೆ.

ಸೋಮವಾರ ನಿಜವಾಗಿಯೂ ಕಿವಿ ನೋಯುತ್ತಿತ್ತು.
ಯಾವ ಕಿವಿ ಎಂದರು ಮ್ಯಾನೇಜರು, ಈಗ.
ಬಲಗಡೆಯದು ಸಾರ್, ಸ್ಟೇಜಿನ ಕಡೆಯದು.
ಯಾವ ಸ್ಟೇಜು ಎಂದು ಕೇಳುವ ಮೊದಲೇ
ಬ್ಯಾಗು ಹೆಗಲಿಗೇರಿಸಿ ಹೊರಟೆ.