ಸಾಸಿವಿ ಗುಂಡು

ಸುರಪುರದ ಗುಡ್ಡದ ಕೆಳಗ ನಮ್ಮ ಮನಿ.
ಪಡಸಾಲ್ಯಾಗ ಪಂಡರಿ ಸಾಹೇಬನ ಪೆಟಿಗಿ.
ಪೆನ್ರೋಸ್ ಅಂತ ಅವನ ಖರೆ ಹೆಸರು, ನಮ್ಮ ಬಾಯಾಗ ಹೊರಳಲಿಲ್ಲ,
ಪಂಡರಿ ಅಂದಿವಿ. ಅವನೂ ಹೂಂ ಅಂದ.

ಮುಂಜಾನಿ ಫೌಜಿನ ಕವಾಯತು, ಹೊತ್ತು ಇಳಿದ ಮ್ಯಾಲ ಹಕ್ಕಿ.
ಹೊಡಿಯಾಂವ ನಮ್ಮ ಕಾಕಾ, ಗೊಲ್ಲಾಳ.
ಸುಲಿದು, ಪಾಷಾಣ ಕಲಸಿದ ಸಬಕಾರ ಹಚ್ಚಾಂವ ಅಪ್ಪ.
ಹೊಟ್ಟಿ ಹೊಲಿಯಾಕಿ ನಾ, ಒಂಬತ್ತು ವರ್ಷದಾಕಿ.
ಸಣ್ಣ ಬೆರಳು ಬೇಕು ಅದಕ್ಕ.

ಗರಿ ಹರಿಬಾರದು ಅಂತ ಸಾಸಿವಿ ಗುಂಡು ಕೊಟ್ಟಿದ್ದ ಸಾಹೇಬ.
ಕಾಕಾನ ಕೈ ಅಂದ್ರ,
ಹಾರೂ ಗೌಜಲು ನಿದ್ದಿ ಬಂದಂಗ ಇಳಿತಿತ್ತು,
ತೂತು ಎಲ್ಲದ ಅಂತ ನಾವ ಹುಡುಕಬೇಕು.

ಸುಲಿಯೂ ಮೊದಲ ದೀಪ ಹಿಡಿದು ಕಣ್ಣು ನೋಡಾಂವ ಸಾಹೇಬ.
‘ಗರಿ ನೂರು ವರ್ಷ ಇರ್ತದ. ಇದು ಒಂದು ತಾಸು ಅಷ್ಟ.’
ಕಂದು, ಜೇನು, ಕುಂಕುಮ, ಒಮ್ಮೊಮ್ಮೆ ಕೆನಿ ಬಣ್ಣ
ಬರದು, ಚೀಟಿ ಕಾಲಿಗೆ ಕಟ್ಟತಿದ್ದ.
ಆಮ್ಯಾಲ ಕಣ್ಣಿನ ಗೂಡಿಗೆ ನಾ ಹತ್ತಿ ತುಂಬತಿದ್ದೆ.

ಕೆಂಭಾವಿ ಎರಿಯಿಂದ ದೊಡ್ಡ ಹಕ್ಕಿ ತಂದ ದಿನ
ಸಾಹೇಬ ಅದರ ಹೆಸರು ಓದಿದ, ತನ್ನ ಭಾಷಾದಾಗ, ಉದ್ದಾಕ.
ಕಾಕಾ ನಕ್ಕ: ‘ನೀವು ಬರೂ ಮುಂಚೇನ ಹೆಸರಿತ್ತಲ್ರಿ.
ಎರಿಭೂತ. ಕರದ್ರ ತಿರುಗಿ ನೋಡ್ತಿತ್ತು.’
ಸಾಹೇಬ ಅದನ್ನೂ ಬರಕೊಂಡ,
ಚೀಟಿಯ ಹಿಂದ, ಸಣ್ಣಗ.

ಮಾಘದಾಗ ಸಂಸ್ಥಾನ ಎದ್ದಿತು.
ಕಾಕಾ ರಾತ್ರಿ ಬಂದ, ಗೂಟದ ಬಂದೂಕು ಇಳಿಸಿಕೊಂಡ,
ಸಾಸಿವಿ ಗುಂಡಿನ ಚೀಲ ನನ್ನ ಉಡ್ಯಾಗ ಹಾಕಿ
‘ಇವು ಇನ್ನ ಸಾಲಂಗಿಲ್ಲವ್ವ’ ಅಂದ.

ಮೂರನೇ ದಿನ ಅಗಸಿ ಹೊರಗ ಹಾಸಿದ್ರು ಅವರನ್ನ.
ಲೆಕ್ಕ ಬರಿಯಾಕ ಬಂದಾಂವ ಪಂಡರಿ ಸಾಹೇಬನ.
ಗುರುತು ಹೇಳಾಕ ಅಪ್ಪ. ಅಪ್ಪನ ಧೋತರ ಹಿಡಕೊಂಡು ನಾ.
ಹೆಸರು ಹೇಳಿದ್ರ ಹೊಲ ಜಪ್ತಿ, ಮನಿ ಜಪ್ತಿ.
‘ಗೊತ್ತಿಲ್ರಿ.’ ಮುಂದಿನಾಂವ? ‘ಗೊತ್ತಿಲ್ರಿ.’
ಸಾಹೇಬ ‘ಗಂಡು’ ಅಂತಷ್ಟ ಬರಕೋತ ಬಂದ.
ಕಾಕಾನ ಕಡೆ ಬಂದು ನಿಂತ.
ಎರಡು ವರ್ಷ ಒಂದ ಬನ್ನಿ ಗಿಡದ ನೆರಳಾಗ ಬುತ್ತಿ ಬಿಚ್ಚಿದಾರ ಅವರು.
‘ಗೊತ್ತಿಲ್ರಿ’ ಅಂದ ಅಪ್ಪ, ತಮ್ಮನ ಕಾಲು ನೋಡಕೋತ.

ಸಾಹೇಬ ಗಂಡು ಅಂತ ಬರದ.
ಆಮ್ಯಾಲ ಇನ್ನೊಂದು ಮಾತು ಬರದ.
ನನಗ ಓದಾಕ ಬರಂಗಿಲ್ಲ, ಖರೆ, ಆ ಅಕ್ಷರದ ಸೊಟ್ಟ ನನಗ ಗುರುತು:
ಗೌಜಲಿನ ಚೀಟಿ ಮ್ಯಾಲ ದಿನಾ ನೋಡತಿದ್ದೆ.
ಕಂದು.
ಅವ ಬಗ್ಗಲಿಲ್ಲ. ರೆಪ್ಪಿ ಎತ್ತಿ ನೋಡಲಿಲ್ಲ.
ತಾಸು ಯಾವಾಗೋ ಮೀರಿ ಹೋಗಿತ್ತು.

ಆ ಚೀಲ ಇನ್ನೂ ಅದ.
ಮೊಮ್ಮಕ್ಕಳು ಅಲುಗಾಡಿಸಿ, ಸಾಸಿವಿ ಏನಬೇ ಅಂತ ಕೇಳ್ತಾವ.
ಹೂಂ ಅಂತೀನಿ.
ಕೂಲಿಗೆ ಎಲ್ಲಿ ಕರದ್ರೂ ಹೋಗ್ತೀನಿ,
ಹತ್ತಿ ಬಿಡಿಸಾಕ ಮಾತ್ರ ಒಲ್ಲೆ.